ಕೋಳಿಗೆ ಬಿಸಿಲು ಬಡಿದ ಮಧ್ಯಾಹ್ನ

ನಮ್ಮವರು ದಿನಾ ಸಂಜೆ ದೇವದುರ್ಗದಿಂದ ಫೋನು ಮಾಡುತ್ತಾರೆ. ಮೊದಲ ಪ್ರಶ್ನೆ, "ಕೋಳಿ ಹೆಂಗವ?" ನಾನು ಹೇಗಿದ್ದೇನೆ ಎಂಬುದರ ಸರದಿ ಆಮೇಲೆ. ಒಮ್ಮೊಮ್ಮೆ ಅಷ್ಟರಲ್ಲಿ ಅವರ ಕೋಣೆಯಲ್ಲಿ ಕುಕ್ಕರು ಕೂಗಿ ಆ ಪ್ರಶ್ನೆ ಉಳಿದೇ ಹೋಗುತ್ತದೆ. ಇದು ದೂರಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೇರವಾಗಿ ವಿಚಾರಿಸಲು ನಾಚುತ್ತಾರೆ. ನಡುವೆ ಒಂದು ಕೋಳಿಯೋ ಗ್ಯಾಸ್ ಸಿಲಿಂಡರೋ ಬೇಕಾಗುತ್ತದೆ.

ಅವರಿಗೆ ದೇವದುರ್ಗದ ತಾಲ್ಲೂಕು ಕಚೇರಿಗೆ ವರ್ಗವಾಯಿತು. ನನ್ನದು ರಾಯಚೂರಿನ ಕಾಲೇಜಿನಲ್ಲಿ ಇತಿಹಾಸದ ಪಾಠ. ಕೆಲವು ತಿಂಗಳು ದಿನಾ ಬಸ್ಸಿನಲ್ಲಿ ಓಡಾಡಿದರು, ಬೆನ್ನು ಒಪ್ಪಲಿಲ್ಲ. ಅಲ್ಲೇ ಕೋಣೆ ಹಿಡಿದು ಶನಿವಾರ ಸಂಜೆ ಮನೆಗೆ ಬರುವುದೆಂದಾಯಿತು. ಹೋಗುವ ಮೊದಲು ಮಾನ್ವಿ ಸಂತೆಯಿಂದ ಮೂರು ಜವಾರಿ ಕೋಳಿ ತಂದು ಹಿತ್ತಲಲ್ಲಿ ಬಿಟ್ಟರು. "ನಿನಗ ಒಬ್ಬಾಕಿಗೇ ಬ್ಯಾಸರ ಆಗಬಾರದು" ಎಂದರು. ಒಬ್ಬ ಗಂಡನ ಬದಲಿಗೆ ಮೂರು ಕೋಳಿ. ಇದಕ್ಕೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ನಾನು ಅವಕ್ಕೆ ಜೋಳ ಚೆಲ್ಲಿದೆ.

ಗೂಡನ್ನೂ ತಾವೇ ಕಟ್ಟಿದರು. ನಾಲ್ಕು ಕಂಬ, ಸುತ್ತ ಜಾಲರಿ, ಮೇಲೆ ಮಿರಮಿರ ಮಿಂಚುವ ಹೊಸ ತಗಡು. ಪಕ್ಕದ ಮನೆಯ ಶಾಹೀನ್ ಆಪಾರನ್ನು ಕರೆದು ತೋರಿಸಿ, "ಹುಲಿ ಬಂದ್ರೂ ಏನೂ ಆಗಂಗಿಲ್ಲ" ಎಂದರು.

"ನಮ್ ಓಣ್ಯಾಗ ಹುಲಿ ಎಲ್ಲೈತ್ರಿ ಭಾಯ್, ಬೆಕ್ಕು ಬರ್ತಾವ ಅಷ್ಟೇ" ಎಂದು ಆಪಾ ನಕ್ಕರು. ಬಿಸಿಲು ಬರುತ್ತದೆಂಬುದು ಮೂವರಿಗೂ ಹೊಳೆಯಲಿಲ್ಲ. ರಾಯಚೂರಿನಲ್ಲೇ ಇದ್ದು ಅದು ಹೊಳೆಯದಿರಬೇಕಾದರೆ ಬುದ್ಧಿ ಬೇರೆಲ್ಲೋ ಇರಬೇಕು.

ಏಪ್ರಿಲ್ ಬಂತು. ಮೊಟ್ಟೆಯ ಚಿಪ್ಪು ತೆಳ್ಳಗಾಗತೊಡಗಿತು. ಒಂದು ನನ್ನ ಕೈಯಲ್ಲೇ ಪುಸಕ್ಕೆಂದಿತು. ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿದ್ದಕ್ಕೆ ಅವರು ತಾಳ್ಮೆಯಿಂದ ವಿವರಿಸಿದ್ದರು: ಕೋಳಿಗೆ ಬೆವರಿಲ್ಲ. ನಮ್ಮ ಮೈಯ ಕಾವು ಬೆವರಿನಲ್ಲಿ ಹೋದರೆ ಅದರದು ಉಸಿರಿನಲ್ಲೇ ಹೋಗಬೇಕು. ಸದಾ ಏದುಸಿರು ಬಿಡುವ ಕೋಳಿಯ ಮೊಟ್ಟೆಗೆ ಚಿಪ್ಪು ಗಟ್ಟಿಯಾಗುವುದಿಲ್ಲ. ನನಗೆ ಈ ವ್ಯವಸ್ಥೆ ತುಂಬ ಇಷ್ಟವಾಯಿತು. ಒಳಗಿನ ಬೇಗೆಯೆಲ್ಲ ಬಾಯಿಂದಲೇ ಹೊರಗೆ ಹೋಗಬೇಕು ಎಂಬ ನಿಯಮ ಮನುಷ್ಯರಿಗೂ ಇದ್ದಿದ್ದರೆ ನಮ್ಮ ಸಂಜೆಯ ಫೋನು ಬೇರೆ ಥರ ಇರುತ್ತಿತ್ತು.

ಒಂದು ಮಧ್ಯಾಹ್ನ ಪರೀಕ್ಷೆಯ ಕೆಲಸ ಮುಗಿಸಿ ಮನೆಗೆ ಬಂದೆ. ಎರಡು ಕೋಳಿ ಗೂಡಿನ ಮೂಲೆಯಲ್ಲಿ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಕೊಕ್ಕು ತೆರೆದು ನಿಂತಿದ್ದವು. ಮೂರನೆಯದು, ಕರಿ ಕೋಳಿ, ನೆಲಕ್ಕೆ ಒರಗಿತ್ತು. ಕೆಂಪಗಿರುತ್ತಿದ್ದ ಜುಟ್ಟು ಬಿಳಿಚಿತ್ತು. ಕರೆದರೆ ಕಣ್ಣೂ ತೆರೆಯಲಿಲ್ಲ. ಮೇಲಿನ ತಗಡಿಗೆ ಕೈ ತಾಗಿತು. ರೊಟ್ಟಿ ಹಂಚಿನಂತೆ ಚುರ್ ಎಂದಿತು.

ಮೂರನ್ನೂ ಬೇವಿನ ಮರದ ನೆರಳಿಗೆ ತಂದೆ. ನನ್ನ ಕೂಗು ಕೇಳಿ ಆಪಾ ಫ್ರಿಜ್ಜಿನ ಐಸು ತುಂಬಿದ ಬೋಗುಣಿ ಹಿಡಿದೇ ಓಡಿ ಬಂದರು.

"ಐಸು ಬ್ಯಾಡ್ರಿ ಆಪಾ. ಒಮ್ಮಿಗೇ ತಂಪು ಹತ್ತಿದ್ರ ಜೀವಾನೇ ಹೋಗ್ತದ ಅಂದಾರ ಡಾಕ್ಟರು. ಕೊಡದ ನೀರು ಸಾಕು."

ಕರಿ ಕೋಳಿಯ ಕಾಲುಗಳನ್ನು ನೀರಲ್ಲಿ ಇಳಿಸಿದೆ. ರೆಕ್ಕೆ ಎತ್ತಿ ಅಡಿಯಲ್ಲಿ ಒದ್ದೆ ಬಟ್ಟೆ ಒತ್ತಿದೆ. ಆಪಾ ರಟ್ಟು ಹಿಡಿದು ಗಾಳಿ ಹಾಕಿದರು. ಬಾಯಿಗೆ ನೀರು ಸುರಿದರೆ ಉಸಿರಿನ ದಾರಿಗೆ ಹೋಗಬಹುದು. ಅದಕ್ಕೇ ಬೆರಳು ಅದ್ದಿ ಕೊಕ್ಕಿನ ಅಂಚಿಗೆ ಮಾತ್ರ ತಾಗಿಸಿದೆ. ಆ ಹೊತ್ತಿನಲ್ಲೇ ಒಂದು ಕೈಯಿಂದ ನಮ್ಮವರಿಗೆ ಫೋನು ಮಾಡಿದೆ.

"ಕರೀದು ಮಕ್ಕೊಂಡುಬಿಟ್ಟದ ರೀ. ಏಳವಲ್ದು."

"ನೀ ಅಳಾಕತ್ತೀ ಏನು?"

"ಇಲ್ಲ" ಎಂದೆ. ಆಪಾ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು.

ಕರಿ ಕೋಳಿ ತುಂಬ ಹೊತ್ತು ಹಾಗೇ ಇತ್ತು. ಕೊನೆಗೆ ಗಂಟಲು ಒಮ್ಮೆ ಅಲುಗಿತು. ಆಮೇಲೆ ಮುಂದಿಟ್ಟ ಬಟ್ಟಲಿಗೆ ತಾನಾಗಿಯೇ ಕೊಕ್ಕು ಅದ್ದಿ ಓಆರ್‌ಎಸ್ ಕಲಸಿದ ನೀರು ಕುಡಿಯಿತು. "ಅಲ್ಲಾ ದೊಡ್ಡಾಂವ" ಎಂದು ಆಪಾ ರಟ್ಟು ಕೆಳಗಿಟ್ಟರು.

ಬಿಸಿಲು ಇಳಿಯುವ ಮೊದಲೇ ಗೇಟಿನ ಸದ್ದಾಯಿತು. ಅರ್ಧ ದಿನದ ರಜೆ ಹಾಕಿ ಅವರು ಬಂದಿದ್ದರು. ಚಪ್ಪಲಿ ಬಿಡದೆ ಹಿತ್ತಲಿಗೆ ಹೋದರು, ಕೋಳಿಯನ್ನು ನೋಡಿದರು, ಗೂಡನ್ನು ನೋಡಿದರು. ತಾವೇ ಹೊಡೆದ ಮೊಳೆಗಳನ್ನು ಒಂದೊಂದಾಗಿ ಕಿತ್ತು ತಗಡು ಇಳಿಸಿದರು. ಗೂಡನ್ನು ಬೇವಿನ ಕೆಳಗೆ ಎಳೆದು, ಮೇಲೆ ಜೋಳದ ಒಣ ದಂಟಿನ ಸೊಪ್ಪೆ ಹೊದಿಸಿ, ಒದ್ದೆ ಗೋಣಿಚೀಲ ಇಳಿಬಿಟ್ಟರು. ಕೆಲಸ ಮುಗಿದಾಗ ಬಾಯಿ ತೆರೆದು, ಎರಡೂ ತೋಳು ಮೈಯಿಂದ ದೂರ ಹಿಡಿದು ನಿಂತಿದ್ದರು. ನಾನು ಬಕೀಟು ತಂದು, "ಕಾಲು ಇಡ್ರಿ ಇದರಾಗ" ಎಂದೆ. ಚಪ್ಪಲಿ ಕಳಚಿ ಕಾಲು ಇಟ್ಟರು.

"ಕೋಳಿ ಸಲುವಾಗಿ ಇಷ್ಟು ದೂರ ಬಂದ್ರಿ?"

"ಕೋಳಿಗೇನು, ನೋಡಾಕ ನೀ ಇದ್ದೆಲ್ಲ" ಎಂದರು, ನೀರನ್ನೇ ನೋಡುತ್ತ. "ನಿನ್ನ ದನಿ ಸರಿ ಇರಲಿಲ್ಲ."

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಸಾಹೇಬರ ಮೀಟಿಂಗು, ಸಂಜೆಯೇ ಮರಳಬೇಕಿತ್ತು. ಬಸ್ ನಿಲ್ದಾಣದವರೆಗೆ ನಾನೂ ಹೋದೆ. ಬಸ್ಸು ಆಗಲೇ ನಿಂತಿತ್ತು, ಕಿಟಕಿಯ ಸೀಟೂ ಖಾಲಿ ಇತ್ತು. ಬಸ್ಸು ಹತ್ತಿರಿ ಎನ್ನಬೇಕಾದವಳು ನಾನು, "ಕಬ್ಬಿನ ಹಾಲು ಕುಡೀತೀರೇನು?" ಎಂದೆ.

"ಬಸ್ಸು ಹೋಗ್ತದಲ್ಲ?"

"ಹೋಗ್ಲಿ ಬಿಡ್ರಿ."

ಅವರು ನನ್ನ ಮುಖ ನೋಡಿ, ಹೆಗಲಿನ ಚೀಲ ಇಳಿಸಿದರು. ಲೋಟ ಹಿಡಿದು ನಿಂತು ಆ ಬಸ್ಸು ಗೇಟು ದಾಟುವುದನ್ನು ಇಬ್ಬರೂ ನೋಡಿದೆವು. ಲೋಟಗಳು ಖಾಲಿಯಾದವು. ನಾನು ಪರ್ಸು ತೆಗೆಯುವಷ್ಟರಲ್ಲಿ ಅವರು ಗಾಣದವನತ್ತ ತಿರುಗಿ, "ಇನ್ನೂ ಎರಡು ಕೊಡಪಾ" ಎಂದರು. "ಗಡಿಬಿಡಿ ಇಲ್ಲ."