ಮೌತ್ ಆರ್ಗನ್ನಿಗೆ ಮಡಿ

ನೀರು ಮುಟ್ಟಿಸಿದರೆ ಕೆಡುವ ಪದಾರ್ಥವೂ ಲೋಕದಲ್ಲಿದೆಯೆಂಬುದು ನನಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮನವರಿಕೆಯಾಯಿತು. ಅದುವರೆಗೆ ತೊಳೆದದ್ದೆಲ್ಲ ಶುದ್ಧ, ಶುದ್ಧವಾದದ್ದೆಲ್ಲ ಕ್ಷೇಮ ಎಂದು ನಂಬಿದ್ದವನು ನಾನು. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ ನಿವೃತ್ತನಾದವನಿಗೆ ಈ ನಂಬಿಕೆ ಅಸಹಜವೇನಲ್ಲ. ಆದರೆ ಅದರ ಫಲವನ್ನು ನನ್ನ ಹೆಂಡತಿ ಶಾರದೆ ಅನುಭವಿಸಬೇಕಾಯಿತು.

ಆ ವರ್ಷ ಅವಳಿಗೆ ನ್ಯುಮೋನಿಯಾ ಆಗಿ, ವಾಸಿಯಾದ ಮೇಲೂ ಉಸಿರು ಮೊದಲಿನಂತಾಗಲಿಲ್ಲ. ಅಡುಗೆಮನೆಯಿಂದ ಹಿತ್ತಿಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟ ಡಾಕ್ಟರು, ದಿನವೂ ಉಸಿರೆಳೆದು ಚೆಂಡು ಏರಿಸಬೇಕೆಂದರು. ಎರಡು ದಿನಕ್ಕೇ ಬೇಸತ್ತ ಅವಳು ಟ್ರಂಕಿನಿಂದ ತನ್ನ ತಂದೆಯ ಮೌತ್ ಆರ್ಗನ್ ತೆಗೆದಳು. ರೈಲ್ವೆ ಗಾರ್ಡ್ ಆಗಿದ್ದ ನನ್ನ ಮಾವನವರು, ಗೂಡ್ಸ್ ಗಾಡಿ ಮಾಕಳಿದುರ್ಗದ ಏರು ಹತ್ತುವಾಗ ನುಡಿಸುತ್ತಿದ್ದ ವಾದ್ಯವದು. ವಾರ ಕಳೆಯುವಷ್ಟರಲ್ಲಿ ದೇವರನಾಮವೊಂದರ ಅರ್ಧ ಪಲ್ಲವಿ ತಡೆಯಿಲ್ಲದೆ ಬಂತು. ಚೆಂಡಿನ ಡಬ್ಬಿ ಮೂಲೆ ಸೇರಿತು. ಪೂರ್ತಿ ಪಲ್ಲವಿ ಬಂದ ದಿನ ದೇವರ ಮುಂದೆ ನುಡಿಸುವುದೆಂದು ಅವಳು ಸಂಕಲ್ಪ ಮಾಡಿಕೊಂಡಳು.

ನನಗೆ ಸಂಕಟ ಶುರುವಾದದ್ದೇ ಇಲ್ಲಿ. ಬಾಯಿಗಿಟ್ಟದ್ದು ಎಂಜಲು. ಕೊಳಲೂ ನಾಗಸ್ವರವೂ ಬಾಯಿಯವೇ ಅಲ್ಲವೆ ಎಂದು ನೀವು ಕೇಳಬಹುದು; ನಾನೂ ಕೇಳಿಕೊಂಡೆ. ಅವುಗಳಲ್ಲಿ ಉಸಿರು ಹೊರಗೆ ಹೋಗುತ್ತದೆ, ಅಷ್ಟೆ. ಇದರಲ್ಲಿ ಒಳಗೂ ಬರುತ್ತದೆ ಎಂದು ಸೂಕ್ಷ್ಮಭೇದವೊಂದನ್ನು ಕಲ್ಪಿಸಿಕೊಂಡೆ. ಒಂದು ಬೆಳಗ್ಗೆ ಅವಳು ಏಳುವ ಮೊದಲೇ ಆ ವಾದ್ಯವನ್ನು ಹುಣಸೆಹಣ್ಣಿನಿಂದ ಉಜ್ಜಿ, ನೀರಿನಲ್ಲಿ ಮುಳುಗಿಸಿಟ್ಟು, ಸಂಧ್ಯಾವಂದನೆ ಮುಗಿಸಿ ತೆಗೆದೆ. ಬೆಳ್ಳಿಯ ಹಾಗೆ ಹೊಳೆಯಿತು. ನುಡಿಯಲಿಲ್ಲ.

"ಏನ್ರೀ, ಇದರ ಗಂಟ್ಲು ಕಟ್ಟಿದೆ," ಎಂದಳು ಶಾರದೆ. ನನ್ನ ಮುಖ ನೋಡಿದೊಡನೆ ಅವಳಿಗೆ ಅರ್ಥವಾಯಿತು. ಬೈಯಲಿಲ್ಲ. ಮೂಲೆಯಿಂದ ಚೆಂಡಿನ ಡಬ್ಬಿ ತಂದು, ಮೊದಲನೆಯ ಚೆಂಡು ಏರುವ ಮೊದಲೇ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡಬಳ್ಳಾಪುರದಲ್ಲಿ ಬಷೀರ್ ಸಾಹೇಬರೆಂಬ ಮಗ್ಗದ ಮೆಕ್ಯಾನಿಕ್ ಇದ್ದಾರೆ. ನಮ್ಮ ಭಜನೆ ಮಂಡಳಿಯ ಹಾರ್ಮೋನಿಯಂ ಸರಿಮಾಡುವವರೂ ಅವರೇ. ವಾದ್ಯವನ್ನು ಅವರ ಬಳಿಗೆ ಒಯ್ದೆ. ತಲೆಯ ಮೇಲಿನ ವಿಮಾನದ ಸದ್ದು ಅಡಗುವವರೆಗೆ ಕಾದು, ಅವರು ವಾದ್ಯವನ್ನು ಕಿವಿಯ ಬಳಿ ಅಲುಗಿಸಿದರು.

"ಏನ್ ಸ್ವಾಮಿ, ಅಭಿಷೇಕ ಮಾಡ್ಬಿಟ್ರಾ?"

"ಸ್ವಲ್ಪ ತೊಳೆದೆ, ಸಾಹೇಬ್ರೆ."

"ಸ್ವಲ್ಪಾನಾ? ಒಳಗಿನ್ನೂ ತೀರ್ಥ ಐತೆ!"

ಮೊಳೆ ಕಿತ್ತು ಮೇಲಿನ ತಗಡು ತೆಗೆದರು. ಗರ್ಭಗುಡಿಯ ತೆರೆ ಸರಿದಾಗ ಆಗುವಂತೆ ನನ್ನ ಕೈಗಳು ತಾವಾಗಿ ಕೂಡಿಕೊಂಡವು. ಕಾಗದದಷ್ಟು ತೆಳುವಾದ ಇಪ್ಪತ್ತು ಹಿತ್ತಾಳೆಯ ನಾಲಿಗೆಗಳು. ಒಂದೊಂದಕ್ಕೂ ಅದರದೇ ಅಳತೆಯ ಕಿಂಡಿ. ಒಂದು ಸಾಲು ಉಸಿರು ಬಿಟ್ಟಾಗ ನುಡಿಯುವುದು, ಇನ್ನೊಂದು ಎಳೆದಾಗ. ರೇಚಕಕ್ಕೊಂದು ಸ್ವರ, ಪೂರಕಕ್ಕೊಂದು ಸ್ವರ! ಒಳಹೋಗುವ ಉಸಿರೂ ಹೊರಬರುವ ಉಸಿರೂ ಜಪವೇ ಎಂದು ಜೀವಮಾನವೆಲ್ಲ ಪಾಠ ಹೇಳಿದವನು ನಾನು. ಯಾರೋ ಪರದೇಶದ ಕುಶಲಕರ್ಮಿ ಅದನ್ನು ಕಿವಿಗೆ ಕೇಳುವಂತೆ ಮಾಡಿಟ್ಟಿದ್ದರೆ, ನಾನು ಅದಕ್ಕೆ ಹುಣಸೆಹಣ್ಣು ಹಚ್ಚಿದ್ದೆ.

ನಡುವೆ ಬಾಚಣಿಗೆಯಂಥ ಮರದ ತುಂಡೊಂದು ನೀರು ಕುಡಿದು ಊದಿಕೊಂಡಿತ್ತು. "ಈ ಮರದ್ದು ಹಳೇ ಕಾಯಿಲೆ ಸ್ವಾಮಿ," ಎಂದರು ಸಾಹೇಬರು. "ಊದೋರ ಎಂಜ್ಲಿಗೇ ಉಬ್ಬಿ ತುಟಿ ಕುಯ್ತಿತ್ತು. ಅದಕ್ಕೇ ಆಮೇಲೆ ಪ್ಲಾಸ್ಟಿಕ್ ಹಾಕಿದ್ರು. ಮೊಳೆ ಬಿಟ್ಟು ಸ್ಕ್ರೂ ಹಾಕಿದ್ರು, ಬಿಚ್ಚಿ ತೊಳೀಲಿ ಅಂತ. ನಿಮ್ಮಂಥೋರು ಆ ದೇಶದಾಗೂ ಇದ್ರೇನೋ!"

ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಮಾಡುವ ತಮ್ಮ ಮಗಳು ತಂದುಕೊಟ್ಟಿದ್ದ ಹೊಸ ಮಾದರಿಯೊಂದನ್ನೂ ಬಿಚ್ಚಿ ತೋರಿಸಿದರು. ಪಕ್ಕದ ಗುಂಡಿ ಒತ್ತಿದರೆ ಒಳಗೊಂದು ತಗಡು ಸರಿದು, ಅದೇ ರಂಧ್ರದ ಸ್ವರ ಅರ್ಧ ಮೆಟ್ಟಿಲು ಏರುತ್ತದೆ. ಶುದ್ಧ ಮಧ್ಯಮವಿದ್ದಲ್ಲೇ ಪ್ರತಿ ಮಧ್ಯಮ; ಶಂಕರಾಭರಣ ಕಲ್ಯಾಣಿಯಾಗಲು ಬೆರಳಿನ ಒಂದು ಒತ್ತು ಸಾಕು! ಅದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು, ಸುಮ್ಮನಿರುವ ನಾಲಿಗೆಗಳ ಕಿಂಡಿಯನ್ನು ಮುಚ್ಚಿ ಉಸಿರು ಪೋಲಾಗದಂತೆ ಕಾಯುವ, ಈರುಳ್ಳಿಯ ಪೊರೆಯಂಥ ಪಟ್ಟಿಗಳು. ಎಲ್ಲೋ ಒಬ್ಬರ ತುಟಿ ಹರಿದದ್ದಕ್ಕೆ, ಇನ್ನೊಬ್ಬರ ಉಸಿರು ಸಾಲದೆ ಹೋದದ್ದಕ್ಕೆ ಮರುಗಿದ ಕೈಗಳೇ ಇವನ್ನು ಮಾಡಿರಬೇಕು. ಕರುಣೆಗೆ ಇಷ್ಟು ಸಣ್ಣ ಅಳತೆಯೂ ಉಂಟೆಂದು ಯಾವ ಗುರುಗಳೂ ನನಗೆ ಹೇಳಿರಲಿಲ್ಲ.

"ಇದನ್ನೇ ಒಯ್ಯಲೇ?" ಎಂದೆ.

"ಅಮ್ಮಾವ್ರ ಅಪ್ಪ ಊದಿದ್ದು ಇದಲ್ವಲ್ಲ ಸ್ವಾಮಿ."

ಮರವನ್ನು ನಾಲ್ಕು ದಿನ ನೆರಳಿನಲ್ಲಿ ಒಣಗಿಸಿ, ಉಬ್ಬಿದ್ದನ್ನು ಉಜ್ಜಿ, ಜೇನುಮೇಣ ಕುಡಿಸಿ, ಮೊಳೆಯ ಜಾಗದಲ್ಲಿ ಸ್ಕ್ರೂ ಕೂರಿಸಿದರು. ಐದನೆಯ ದಿನ ನನ್ನೆದುರೇ ಬಾಯಿಗಿಟ್ಟು, ತುದಿಯಿಂದ ತುದಿಗೆ ಊದಿ, ಎಳೆದು, ಅಂಗಿಯ ಅಂಚಿನಲ್ಲಿ ಒರೆಸಿ ನೀಡಿದರು. "ನೀವೂ ಒಂದ್ಸಲ ನೋಡ್ಬಿಡಿ. ಮನೇಗೋಗಿ ಬಷೀರ ಮೋಸ ಮಾಡ್ದ ಅನ್ಬಾರ್ದು."

ಕ್ಷಣಕಾಲ ತಡೆದೆ. ಆಮೇಲೆ ಊದಿದೆ. ಹೊರಟದ್ದು ಸಂಗೀತವಲ್ಲ, ಆದರೂ ನನ್ನೊಳಗಿನ ಗಾಳಿಗೆ ಅಷ್ಟು ಇಂಪಿದೆಯೆಂದು ನನಗೆ ತಿಳಿದಿರಲಿಲ್ಲ.

ಅಂದು ಸಂಜೆ ಶಾರದೆ ದೇವರ ಮನೆಯಲ್ಲಿ ಮಣೆಯ ಮೇಲೆ ಕುಳಿತು ಪಲ್ಲವಿ ಎತ್ತಿಕೊಂಡಳು. ಅರ್ಧ ದಾಟಿತು. ನಿಂತೇ ಹೋಯಿತೇನೋ ಎಂಬಲ್ಲಿ ಅವಳು ಉಸಿರನ್ನು ಒಳಗೆಳೆದಳು. ಆ ಎಳೆತವೇ ಸ್ವರವಾಗಿ ಸಾಲು ಮುಂದೆ ಹೋಯಿತು. ಕೊನೆಯ ಷಡ್ಜವನ್ನು ದೀಪ ಹಿಡಿದಂತೆ ಹಿಡಿದು, ಮೆಲ್ಲನೆ ಇಳಿಸಿ, ನನ್ನತ್ತ ತಿರುಗಿ ನಕ್ಕಳು.

"ಮುಗೀತು ಕಣ್ರೀ. ಇನ್ನು ನೀವು ಉಸಿರು ಬಿಡಿ."