ಪ್ರಾಗ್‌ನಲ್ಲಿ ಹೆಪ್ಪು ಹಾಕಿದ್ದು

ಪ್ರಾಗ್‌ನ ಹಳೆಯ ಕಲ್ಲು ಸೇತುವೆಯ ಮೇಲೆ ಕೊರೆಯುವ ಗಾಳಿ. ಅತ್ತೆಯ ಮೈಮೇಲೆ ಶಾಲೇ ಇಲ್ಲ.

"ಶಾಲು ಎಲ್ಲಿ ಅತ್ತೆ?"

"ಮೊಸರಿಗೆ ಹೊದಿಸಿ ಬಂದ್ಬಿಟ್ಟೆ ಕಣೆ."

ನನಗೆ ಸಿಟ್ಟೇ ಬಂತು. ಇಲ್ಲಿನ ಅಂಗಡಿ ಮೊಸರಿನಲ್ಲಿ ಪ್ರಾಣಿಗಳ ಮೂಳೆಯಿಂದ ತೆಗೆದ ಜೆಲಟಿನ್ ಇದ್ದೀತೆಂದು ಅತ್ತೆ ಅದನ್ನು ಮುಟ್ಟುವುದಿಲ್ಲ. ಬಂದಾಗಿನಿಂದ ಬರೀ ಬ್ರೆಡ್ಡು. ನಿನ್ನೆ, ಅಡಿಲೇಡಿನ ಬ್ಲೇರ್ ಅಥಾಲ್ ಬಡಾವಣೆಯ ನಮ್ಮ ಮನೆಯಿಂದ ತಂದಿದ್ದ ಹೆಪ್ಪನ್ನು ಹಾಲಿಗೆ ಹಾಕಿದ್ದರು. ಫೆಬ್ರವರಿಯೆಂದರೆ ಬೇಸಿಗೆಯಾದ ಅಡಿಲೇಡಿನಲ್ಲಾದರೆ ಬೆಳಗಾಗುವಷ್ಟರಲ್ಲಿ ಹುಳಿಯೇ ಬಂದಿರುತ್ತಿತ್ತು. ಇಲ್ಲಿ ಬೆಳಿಗ್ಗೆಯೂ ಹಾಲು ಹಾಲಾಗಿಯೇ ಇತ್ತು.

ನಡುಗುತ್ತಿದ್ದ ಅತ್ತೆಯನ್ನು ನಾವಿಳಿದುಕೊಂಡಿದ್ದ ಮನೆಗೆ ವಾಪಸ್ ಕರೆತಂದೆ. ಅಡುಗೆಮನೆಯಲ್ಲಿ ಅತ್ತೆಯದೇ ವಯಸ್ಸಿನ ಮನೆಯೊಡತಿ ಪಾತ್ರೆಯನ್ನು ಹೀಟರ್ ಪಕ್ಕಕ್ಕಿಟ್ಟು, ಶಾಲಿನ ಮೇಲೆ ತಮ್ಮ ಕೆಂಪು ಉಣ್ಣೆಯ ಸ್ಕಾರ್ಫನ್ನೂ ಸುತ್ತಿ, ಮಗುವಿನ ಜ್ವರ ನೋಡುವವರಂತೆ ಅಂಗೈಯಿಟ್ಟು ನಿಂತಿದ್ದರು.

"ಅಜ್ಜಿ, ಶೀ ಥಿಂಕ್ಸ್ ಇಟ್ಸ್ ಅ ಬೇಬಿ!" ಎಂದು ನಮ್ಮ ಜೊತೆಗೇ ಬಂದಿದ್ದ ನನ್ನ ಮಗಳು ನಕ್ಕಳು.

"ಸುಮ್ನಿರೇ, ಅವರಿಗೆ ಎಲ್ಲಾ ಗೊತ್ತಾಗತ್ತೆ," ಎಂದರು ಅತ್ತೆ.

ಸಂಜೆಗೆ ಮೊಸರು ಗಟ್ಟಿಯಾಗಿತ್ತು. ಅತ್ತೆ ಮೊದಲ ಬಟ್ಟಲನ್ನು ಮನೆಯೊಡತಿಗೇ ಕೊಟ್ಟು, ಸ್ಕಾರ್ಫನ್ನು ಮಡಿಸಿ ಮುಂದೆ ಹಿಡಿದರು. ಆಕೆ ಬಟ್ಟಲನ್ನು ಮೇಜಿನ ಮೇಲಿಟ್ಟು, ಸ್ಕಾರ್ಫಿನ ಮಡಿಕೆ ಬಿಡಿಸಿ ಅತ್ತೆಯ ಕಿವಿ ಮುಚ್ಚುವಂತೆ ಸುತ್ತಿ, ಗಲ್ಲದ ಕೆಳಗೆ ಗಂಟು ಹಾಕಿದರು.