ಪೂಜೆ ಮುಗಿಯುವವರೆಗೆ

ಸಿಂದಗಿಯ ನಮ್ಮ ಮನೆಗೆ, ಅಜ್ಜಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡಲು ದಿನಾ ಮುಂಜಾನೆ ಒಬ್ಬ ನರ್ಸ್‌ಬಾಯಿ ಬರುತ್ತಿದ್ದರು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡದೆ ಅಜ್ಜಿ ಉಣ್ಣುವವಳಲ್ಲ. ಇಂಜೆಕ್ಷನ್ ಆದ ಮೇಲೆ ಊಟ ತಡವಾದರೆ ಜೀವಕ್ಕೇ ಅಪಾಯ. ಹಾಗಾಗಿ ನರ್ಸ್‌ಬಾಯಿ ಹೊಸ್ತಿಲ ಪಕ್ಕ ಕೂತು, ತಣ್ಣನೆಯ ಔಷಧದ ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸುತ್ತ ಕಾಯುತ್ತಿದ್ದರು. "ನಿಮಗ ತಡ ಆಗಾಕತ್ತೈತಲ್ರಿ" ಎಂದು ಅವ್ವ ಮುಜುಗರಪಟ್ಟರೆ, "ಪೂಜಿ ಮುಗೀಲಿ ಬಿಡ್ರಿ" ಎನ್ನುತ್ತಿದ್ದರು.

ಅಜ್ಜಿ ತೀರಿಕೊಂಡ ದಿನ ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಒರಗಿಸಿ ಕೂರಿಸಿದ್ದೆವು. ನರ್ಸ್‌ಬಾಯಿ ಎಂದಿನ ಹೊತ್ತಿಗೇ ಬಂದರು. ನೋಡಿದರು. ಹೊಸ್ತಿಲ ಪಕ್ಕ ತಮ್ಮ ಜಾಗದಲ್ಲೇ ಕೂತರು.

ಬಹಳ ಹೊತ್ತಾದ ಮೇಲೆ ಅವ್ವ, "ಬ್ಯಾರೆ ಮನಿಯವರು ನಿಮ್ಮ ದಾರಿ ನೋಡತಿರತಾರ್ರಿ" ಎಂದಳು.

ಅವರು ಅಜ್ಜಿಯ ಅಂಗೈಯಿಂದ ಕಣ್ಣು ತೆಗೆಯಲಿಲ್ಲ.

"ಪೂಜಿ ಮುಗೀಲಿ ಬಿಡ್ರಿ."